ಹನಿಯ ಲೆಕ್ಕ

ಸುಣ್ಣದ ವಿಷಯದಲ್ಲಿ ನನಗೆ ಇನ್ನೊಬ್ಬರು ಪಾಠ ಹೇಳಬೇಕಾದ್ದಿಲ್ಲ ಎಂಬ ಹಮ್ಮು ನನ್ನಲ್ಲಿ ಬಹಳ ಕಾಲದಿಂದ ಇತ್ತು. ಅದಕ್ಕೆ ಕಾರಣವೂ ಇಲ್ಲದಿಲ್ಲ. ನಾನು ಹುಟ್ಟಿದ್ದು ಕುಮಟೆಯ ಬಳಿ, ಅಘನಾಶಿನಿಯ ದಂಡೆಯಲ್ಲಿ. ಇಳಿತದ ಹೊತ್ತಿಗೆ ಜನ ಹೊಳೆಗಿಳಿದು ಬುಟ್ಟಿಗಟ್ಟಲೆ ಚಿಪ್ಪು ಹೆಕ್ಕಿ ತರುವುದನ್ನೂ, ಆ ಚಿಪ್ಪನ್ನು ಸುಟ್ಟು ಮೇಲೆ ನೀರು ಚಿಮುಕಿಸಿದಾಗ ಅದು ಸುಯ್ಯೆಂದು ಅರಳಿ ಬೆಳ್ಳನೆಯ ಹಿಟ್ಟಾಗುವುದನ್ನೂ ನೋಡುತ್ತ ಬೆಳೆದವನು. ನಮ್ಮ ತಾಯಿ ಆ ಚಿಪ್ಪಿಸುಣ್ಣವಲ್ಲದೆ ಬೇರೆ ಸುಣ್ಣವನ್ನು ಎಲೆಗೆ ಹಚ್ಚಿದವರಲ್ಲ. ಮುಂದೆ ನಾನು ಮೈಸೂರು ಸೇರಿ, 1975ರಿಂದ 2009ರವರೆಗೆ ಮೂವತ್ತನಾಲ್ಕು ವರ್ಷ ಕಾಲೇಜು ಹುಡುಗರಿಗೆ ರಸಾಯನಶಾಸ್ತ್ರ ಹೇಳಿದೆ. ಸುಣ್ಣದ ತಿಳಿಯಲ್ಲಿ ಗಾಜಿನ ಕೊಳವೆಯಿಟ್ಟು ಊದಿ, ಅದು ಹಾಲಿನಂತೆ ಬೆಳ್ಳಗಾಗುವುದನ್ನು ಎಷ್ಟು ಸಾವಿರ ಹುಡುಗರಿಗೆ ತೋರಿಸಿದೆನೋ ಲೆಕ್ಕವಿಲ್ಲ. ಹೀಗಿದ್ದ ನನ್ನ ಹಮ್ಮು ಇಳಿದದ್ದು 2023-24ರ ಚಳಿಗಾಲದಲ್ಲಿ, ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿರುವ ನನ್ನ ಮಗನ ಮನೆಯ ನೆಲಮಾಳಿಗೆಯಲ್ಲಿ.

ಮಗನ ಮನೆಗೆ ಹೋಗುವ ತಂದೆತಾಯಿಗಳ ಪಾಡನ್ನು ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮೊದಲ ಹದಿನೈದು ದಿನ ಊರು ನೋಡುವುದು, ಮುಂದಿನ ಹದಿನೈದು ದಿನ ಕಿಟಕಿ ನೋಡುವುದು. ಆಮೇಲೆ ಗಡಿಯಾರ ನೋಡುವುದು. ನನಗೆ ಮಾತ್ರ ನೋಡಲು ಇನ್ನೊಂದು ವಸ್ತುವಿತ್ತು. ಬೈಠಕ್‌ಖಾನೆಯ ಗೋಡೆಗೆ ಒರಗಿಸಿದಂತೆ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿ. ಅದರೊಳಗೆ ನಾನೂರೈವತ್ತು ಲೀಟರ್ ಉಪ್ಪುನೀರು, ನೀರಿನಲ್ಲಿ ಹವಳ. ಸತ್ತ ಹವಳವಲ್ಲ, ಬದುಕಿ ಬೆಳೆಯುತ್ತಿರುವ ಹವಳ. ಹೊರಗೆ ಹಿಮ ಸುರಿಯುತ್ತಿರುವಾಗ ಒಳಗೆ ಒಂದು ಉಷ್ಣವಲಯದ ಸಮುದ್ರ ನೀಲಿ ದೀಪದ ಕೆಳಗೆ ಮೆಲ್ಲಗೆ ಅಲೆಯಾಡುತ್ತಿತ್ತು. ನಿಜವಾದ ಸಮುದ್ರ ಆ ಊರಿಗೆ ಕಾರಿನಲ್ಲಿ ಎಂಟೊಂಬತ್ತು ಗಂಟೆಗಳ ದಾರಿ.

ನನ್ನವಳು ಮೊದಲ ದಿನವೇ ತೊಟ್ಟಿಯೊಳಗೆ ಇಣುಕಿ, "ಇದರಲ್ಲಿ ಸರಕ್ಕೆ ಪೋಣಿಸುವ ಹವಳ ಯಾವುದೋ?" ಎಂದು ಕೇಳಿದಳು. ಅವಳ ತಾಯಿಯ ಮನೆಯಿಂದ ಬಂದ ಒಂದು ಹವಳದ ಸರವಿದೆ. ಜಗತ್ತಿನ ಹವಳಗಳನ್ನೆಲ್ಲ ಅವಳು ಅಳೆಯುವುದು ಅದರಿಂದಲೇ. ಪೋಣಿಸುವ ಕೆಂಪು ಹವಳ ಮೆಡಿಟರೇನಿಯನ್ ಕಡಲಿನ ಬೇರೊಂದು ಜಾತಿಯೆಂದೂ, ಇದು ದ್ವೀಪಗಳನ್ನೇ ಕಟ್ಟುವ ಕಲ್ಲುಹವಳವೆಂದೂ ಮಗ ವಿವರಿಸಿದ. ಸಾಸಿವೆಯಷ್ಟೋ ಕಡಲೆಯಷ್ಟೋ ಇರುವ ಪ್ರಾಣಿಗಳು ಸಾವಿರಗಟ್ಟಲೆ ಒಂದಕ್ಕೊಂದು ಅಂಟಿಕೊಂಡು ಬದುಕುತ್ತವೆ. ಅವುಗಳ ಮಾಂಸದೊಳಗೆ ಕಣ್ಣಿಗೆ ಕಾಣದ ಪಾಚಿ ಕುಳಿತು ಬೆಳಕಿನಿಂದ ಅಡಿಗೆ ಮಾಡಿ ಬಡಿಸುತ್ತದೆ. ಇವೆರಡೂ ಕೂಡಿ ನೀರಿನಲ್ಲಿ ಕರಗಿದ ಸುಣ್ಣವನ್ನು ಹೀರಿ ತಮ್ಮ ಕೆಳಗೆ ಕಲ್ಲಿನ ಮನೆ ಕಟ್ಟಿಕೊಳ್ಳುತ್ತವೆ. "ಹಾಗಾದರೆ ಇದು ಪ್ರಾಣಿಯೋ, ಗಿಡವೋ, ಕಲ್ಲೋ?" ಎಂದಳು ನನ್ನವಳು. "ಮೂರೂ ಹೌದು, ಅಜ್ಜಿ" ಎಂದಳು ಮೊಮ್ಮಗಳು. ಅವಳಿಗೆ ಆಗ ಒಂಬತ್ತು ವರ್ಷ.

ನನಗೊಂದು ಆತಂಕವಿತ್ತು. ನಮ್ಮ ದೇಶದಲ್ಲಿ ಕಲ್ಲುಹವಳವನ್ನು ಕಡಲಿನಿಂದ ಕೀಳುವುದೂ ಮಾರುವುದೂ ಅಪರಾಧ. 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯಲ್ಲಿ ಹುಲಿ ಸಿಂಹಗಳಿರುವ ಮೊದಲನೆಯ ಪಟ್ಟಿಗೆ ಅದನ್ನು 2001ರಲ್ಲಿ ಸೇರಿಸಿದ್ದಾರೆ. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಅದನ್ನು ನೀರಿಗಿಳಿದು ನೋಡಿ ಬರಬಹುದೇ ಹೊರತು ತರುವಂತಿಲ್ಲ. ಇವನು ಎಲ್ಲಿಂದ ತಂದ? ಕೇಳಿದಾಗ ಮಗ ನಕ್ಕ. ಅಲ್ಲಿ ಈ ಹವ್ಯಾಸದವರು ತಮ್ಮ ತಮ್ಮ ತೊಟ್ಟಿಯಲ್ಲಿ ಬೆಳೆದ ಹವಳದ ಕೊಂಬೆಯನ್ನು ಬೆರಳುದ್ದ ಕತ್ತರಿಸಿ ಒಬ್ಬರಿಗೊಬ್ಬರು ಕೊಡುತ್ತಾರಂತೆ. ನಮ್ಮ ಬೀದಿಯಲ್ಲಿ ಹೆಂಗಸರು ದಾಸವಾಳದ ಟೊಂಗೆ ಕೇಳಿ ತಂದು ನೆಡುವುದಿಲ್ಲವೇ, ಹಾಗೆ. ತೊಟ್ಟಿಯ ನಡುವೆ ಊಟದ ತಟ್ಟೆಯಗಲ ಹರಡಿಕೊಂಡಿದ್ದ ತಿಳಿನೀಲಿಯ ಕವಲುಹವಳವೊಂದು ಹಾಗೆ ಬಂದದ್ದು. ಮೊಮ್ಮಗಳು ಹುಟ್ಟಿದ ವರ್ಷ, ಕಿರುಬೆರಳಿನಷ್ಟು ಚೂರನ್ನು ಯಾರೋ ಕೊಟ್ಟಿದ್ದರು. ಅವಳೂ ಅದೂ ಒಂದೇ ವಾರಿಗೆಯವರು. ಅದಕ್ಕೆ ಅವಳು "ನನ್ನ ತಂಗಿ" ಎಂದೇ ಹೇಳುತ್ತಿದ್ದಳು.

ಈ ತಂಗಿಯ ಹಸಿವೇ ಆಗ ಮನೆಯ ಸಮಸ್ಯೆಯಾಗಿತ್ತು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 420 ಮಿಲಿಗ್ರಾಮ್ ಕ್ಯಾಲ್ಸಿಯಂ ಇರುತ್ತದೆ. ಅದರ ಜೊತೆಗೆ ಬೈಕಾರ್ಬೊನೇಟು. ಇವೆರಡೂ ಹವಳಕ್ಕೆ ಇಟ್ಟಿಗೆ, ಗಾರೆ ಇದ್ದಂತೆ. ಕಡಲು ದೊಡ್ಡದು, ಎಷ್ಟು ಮನೆ ಕಟ್ಟಿದರೂ ಅದಕ್ಕೆ ಸಾಮಾನು ಸಾಲದೆ ಹೋಗುವುದಿಲ್ಲ. ತೊಟ್ಟಿಯ ಮಾತು ಹಾಗಲ್ಲ. ಗಾರೆಯ ಪಾಲನ್ನು ಅವರು ಕ್ಷಾರೀಯತೆ ಎಂದು ಜರ್ಮನ್ ಡಿಗ್ರಿಗಳಲ್ಲಿ ಅಳೆಯುತ್ತಾರೆ. ಎಂಟರ ಸುಮಾರಿನಲ್ಲಿದ್ದರೆ ಕ್ಷೇಮ. ಮಗನ ತೊಟ್ಟಿಯ ಹವಳಗಳು ದಿನಕ್ಕೆ ಎರಡು ಡಿಗ್ರಿಯಂತೆ ಅದನ್ನು ತಿಂದುಹಾಕುತ್ತಿದ್ದವು. ನಾನು ಕಾಗದ ತೆಗೆದು ಲೆಕ್ಕ ಹಾಕಿದೆ: ದಿನಕ್ಕೆ ಹದಿನಾರು ಗ್ರಾಮ್ ಸುಣ್ಣಕಲ್ಲು! ಸದ್ದಿಲ್ಲದೆ ಕುಳಿತ ಆ ಹೂವಿನಂಥ ಪ್ರಾಣಿಗಳು ದಿನವೂ ಎರಡು ಮೂರು ಚಮಚೆ ಕಲ್ಲನ್ನು ಹೆರುತ್ತಿದ್ದವು.

ಅದುವರೆಗೆ ಮಗ ರಾತ್ರಿ ಹೊತ್ತು ಸುಣ್ಣದ ತಿಳಿಯನ್ನೇ ಹನಿಸುತ್ತಿದ್ದ. ಆ ಹವ್ಯಾಸದವರು ಅದನ್ನು ಜರ್ಮನ್ ಮಾತಿನಲ್ಲಿ "ಕಾಲ್ಕ್‌ವಾಸರ್" ಎನ್ನುತ್ತಾರೆ. ಅರ್ಥ ಸುಣ್ಣದ ನೀರು, ಅಷ್ಟೆ. ಆದರೆ ಸುಣ್ಣ ನೀರಿನಲ್ಲಿ ಕರಗುವುದು ಬಹಳ ಕಡಿಮೆ, ಲೀಟರಿಗೆ ಒಂದೂಮುಕ್ಕಾಲು ಗ್ರಾಮಿಗಿಂತ ಹೆಚ್ಚಿಲ್ಲ. ಹದಿನಾರು ಗ್ರಾಮ್ ಕಲ್ಲಿನ ಸಾಲ ತೀರಿಸಲು ದಿನಕ್ಕೆ ಏಳು ಲೀಟರ್ ತಿಳಿ ಬೇಕು. ತೊಟ್ಟಿಯಿಂದ ದಿನಕ್ಕೆ ಆವಿಯಾಗುವುದು ನಾಲ್ಕೇ ಲೀಟರ್. ತುಂಬಿದ ಕೊಡಕ್ಕೆ ಇನ್ನೂ ಮೂರು ಲೀಟರ್ ಸುರಿಯುವುದೆಲ್ಲಿಗೆ? ಆದ್ದರಿಂದ ಮಗ ಕ್ಯಾಲ್ಸಿಯಂ ರಿಯಾಕ್ಟರ್ ಎಂಬ ಯಂತ್ರವೊಂದನ್ನು ಇನ್ನೊಬ್ಬ ಹವ್ಯಾಸಿಯಿಂದ ಹಳೆಯದಾಗಿಯೇ ಕೊಂಡು ತಂದಿದ್ದ. ಅದು ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ನೆಲಮಾಳಿಗೆಯಲ್ಲಿ ಬಿದ್ದಿತ್ತು. "ಅಪ್ಪಾ, ನೀವು ಬಂದ ಮೇಲೆ ಇಬ್ಬರೂ ಸೇರಿ ಜೋಡಿಸೋಣ ಅಂತ ಇಟ್ಟಿದ್ದೆ" ಎಂದ. ನಿವೃತ್ತನಾದವನಿಗೆ ಇದಕ್ಕಿಂತ ಹಿತವಾದ ಮಾತಿಲ್ಲ.

ರಿಯಾಕ್ಟರ್ ಎಂದ ಕೂಡಲೆ ಕೈಗಾದ ಅಣುಸ್ಥಾವರ ನೆನಪಾಗಿ ಯಾರೂ ಬೆದರಬೇಕಾಗಿಲ್ಲ. ಇದು ಎರಡಡಿ ಎತ್ತರದ, ಬರಣಿಯಂಥ ಅಕ್ರಿಲಿಕ್ ಕೊಳವೆ. ಅದರ ತುಂಬ ಸತ್ತ ಹವಳದ ಚೂರು. ತೊಟ್ಟಿಯ ನೀರು ಒಂದು ಕಡೆಯಿಂದ ನಿಧಾನವಾಗಿ ಒಳಗೆ ಬರುತ್ತದೆ. ಪಕ್ಕದಲ್ಲಿ ನಿಂತ ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡು ಗುಳ್ಳೆಗುಳ್ಳೆಯಾಗಿ ಬರುತ್ತದೆ. ಸಣ್ಣ ಪಂಪು ಎರಡನ್ನೂ ಚೂರುಗಳ ನಡುವೆ ಸುತ್ತಿಸುತ್ತದೆ. ಅನಿಲ ಬೆರೆತ ನೀರು ಹುಳಿಯಾಗಿ ಕಲ್ಲನ್ನು ಕರಗಿಸುತ್ತದೆ. ಕರಗಿದ ಸುಣ್ಣವನ್ನು ಹೊತ್ತ ನೀರು ಇನ್ನೊಂದು ತುದಿಯಿಂದ ಹನಿಹನಿಯಾಗಿ ತೊಟ್ಟಿಗೆ ಮರಳುತ್ತದೆ. ಅಲ್ಲಿ ಬದುಕಿರುವ ಹವಳ ಅದನ್ನು ಹೀರಿ ಮತ್ತೆ ಕಲ್ಲು ಮಾಡುತ್ತದೆ. ಸತ್ತವರ ಮನೆಯ ಇಟ್ಟಿಗೆ ಕಿತ್ತು ಬದುಕಿದವರು ಮನೆ ಕಟ್ಟುವುದು ಎಂದರೂ ಸರಿಯೇ.

ಇದನ್ನು ಕೇಳಿದಾಗ ನನಗೆ ರೋಮಾಂಚನವೇ ಆಯಿತು. ಸುಣ್ಣದ ತಿಳಿಗೆ ಊದಿದರೆ ಬೆಳ್ಳಗಾಗುತ್ತದೆ ಎಂಬುದು ಎಲ್ಲ ಹುಡುಗರಿಗೂ ನೆನಪಿರುವ ಅರ್ಧಪಾಠ. ಊದುವುದನ್ನು ನಿಲ್ಲಿಸದೆ ಊದುತ್ತಲೇ ಹೋದರೆ ಆ ಬಿಳುಪು ಕರಗಿ ನೀರು ಪುನಃ ತಿಳಿಯಾಗುತ್ತದೆ. ಇದು ಉಳಿದರ್ಧ, ಪರೀಕ್ಷೆ ಮುಗಿದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಆ ತಿಳಿಯನ್ನು ಕಾಸಿದರೆ ಅನಿಲ ಹಾರಿ ಮತ್ತೆ ಬಿಳುಪು ಕೂಡುತ್ತದೆ. ನಮ್ಮ ಬಚ್ಚಲ ಹಂಡೆಯ ಒಳಗೆ ಕಟ್ಟುವ ಕಲ್ಲಿನ ಗುಟ್ಟು ಇದೇ. ಮೂವತ್ತನಾಲ್ಕು ವರ್ಷ ಕಪ್ಪುಹಲಗೆಯ ಮೇಲೆ ಎರಡು ಕಡೆಗೂ ಬಾಣ ಎಳೆದು ನಾನು ಬರೆದ ಸಮೀಕರಣ, ಮಗನ ನೆಲಮಾಳಿಗೆಯಲ್ಲಿ ಜೀವ ತಳೆದು ನಿಂತಿತ್ತು. ಬಾಣದ ಒಂದು ಮೊನೆ ಕೆಳಗಿನ ಯಂತ್ರದಲ್ಲಿ, ಇನ್ನೊಂದು ಮೇಲಿನ ತೊಟ್ಟಿಯಲ್ಲಿ.

ನವೆಂಬರಿನ ಒಂದು ಶನಿವಾರ ಜೋಡಣೆಗೆ ಕುಳಿತೆವು. ಹವಳದ ಚೂರನ್ನು ಬಕೀಟಿನಲ್ಲಿ ಹಾಕಿ ಅಕ್ಕಿ ತೊಳೆದಂತೆ ತೊಳೆದೆ. ಹತ್ತು ನೀರಿಗೆ ಬಿಳಿ ಬಿಟ್ಟಿತು. ಬರಣಿಯ ಮುಚ್ಚಳದ ರಬ್ಬರ್ ಬಳೆಗೆ ಜಿಡ್ಡು ಸವರಿ, ಬರಿಯ ನೀರು ತುಂಬಿ, ಹಳೆಯ ಪತ್ರಿಕೆಯ ಮೇಲೆ ಒಂದು ರಾತ್ರಿ ಇಟ್ಟೆವು. ಬೆಳಿಗ್ಗೆ ಪತ್ರಿಕೆ ಒಣಗಿಯೇ ಇತ್ತು, ಸೋರಿಕೆಯಿಲ್ಲ. ಸಿಲಿಂಡರು ನಮ್ಮ ಅಡಿಗೆಯ ಗ್ಯಾಸಿನದಕ್ಕಿಂತ ಬಹಳ ಚಿಕ್ಕದು, ಐದು ಪೌಂಡು ಅನಿಲ ಹಿಡಿಯುವಂಥದು. ಒಳಗಿನ ಒತ್ತಡ ಮಾತ್ರ ಚದರ ಅಂಗುಲಕ್ಕೆ ಸುಮಾರು 800 ಪೌಂಡು. ಅದನ್ನು ಹತ್ತು ಹದಿನೈದಕ್ಕೆ ಇಳಿಸಲು ಎರಡು ಮುಳ್ಳುಗಳ ರೆಗ್ಯುಲೇಟರು. ಅದರಾಚೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ. ಅದರಾಚೆ ಸೂಜಿಮೊನೆಯ ತಿರುಪು. ಅದರಾಚೆ ಗುಳ್ಳೆ ಎಣಿಸಲು ಗಾಜಿನ ನಳಿಗೆ. ನೀರು ಹಿಂದಕ್ಕೆ ನುಗ್ಗದಂತೆ ತಡೆಯುವ ಒಮ್ಮುಖದ ಕವಾಟ. ಪ್ರತಿ ಕೂಡುಗೆಗೂ ಸೋಪಿನ ನೀರು ಹಚ್ಚಿ ನೋಡಿದೆವು. ಒಂದು ಕಡೆ ನೊರೆ ಉಬ್ಬಿತು, ಬಿಗಿಮಾಡಿದೆವು.

ಬರಣಿಯೊಳಗೆ ನೀರು ಎಷ್ಟು ಹುಳಿಯಾಯಿತೆಂದು ಕಾಯುವ ಕಾವಲುಗಾರ ಒಂದು ಪಿ.ಎಚ್. ಮೀಟರು. ಅದನ್ನು ಏಳು ಮತ್ತು ನಾಲ್ಕರ ಬಫರ್ ದ್ರಾವಣಗಳಲ್ಲಿ ಅದ್ದಿ ಸರಿಹೊಂದಿಸುವ ಕೆಲಸವನ್ನು ಮಗ ನನಗೆ ಬಿಟ್ಟ. ಕಾವಲುಗಾರನಿಗೆ 6.7 ಎಂದು ಅಪ್ಪಣೆ ಕೊಟ್ಟೆವು: ಅದಕ್ಕಿಂತ ಕೆಳಗಿಳಿದರೆ ಅನಿಲ ನಿಲ್ಲಬೇಕು, ಮೇಲೇರಿದರೆ ಹರಿಯಬೇಕು. ಗುಳ್ಳೆ ನಿಮಿಷಕ್ಕೆ ಇಪ್ಪತ್ತು. ಹೊರಹೋಗುವ ನೀರು ಹನಿಹನಿಯಾಗಿ. ಅಡುಗೆಮನೆಯ ಅಳತೆಯ ಲೋಟ ಹಿಡಿದು ಗಡಿಯಾರ ನೋಡುತ್ತ ಅದರ ವೇಗವನ್ನು ಅಳೆದವಳು ಮೊಮ್ಮಗಳು. ಹುಳಿನೀರು ತೊಟ್ಟಿಗೆ ಸೇರುವುದರಿಂದ, ಮತ್ತು ಚಳಿಗೆ ಮನೆಯೆಲ್ಲ ಮುಚ್ಚಿ ನಾವು ಐದು ಜನ ಉಸಿರಾಡುವುದರಿಂದ, ತೊಟ್ಟಿಯ ಪಿ.ಎಚ್. ಕುಸಿಯುತ್ತದೆಂದು ಮಗ ಹಿಮದಲ್ಲೂ ಒಂದು ಕಿಟಕಿಯನ್ನು ಎರಡು ಅಂಗುಲ ತೆರೆದಿಡುತ್ತಿದ್ದ. "ಹವಳಕ್ಕೆ ಗಾಳಿ, ನಮಗೆ ನೆಗಡಿ, ಮಾವ" ಎಂದು ಸೊಸೆ ನನ್ನೊಡನೆ ಗೊಣಗುವಳು; ಆದರೆ ಕಿಟಕಿ ಮುಚ್ಚುತ್ತಿರಲಿಲ್ಲ.

ಪ್ರತಿ ಸಂಜೆ ನನ್ನ ಕೆಲಸ ಕ್ಷಾರೀಯತೆಯ ಪರೀಕ್ಷೆ. ನಾಲ್ಕು ಮಿಲಿಲೀಟರ್ ನೀರಿಗೆ ಬಣ್ಣದ ಎರಡು ಹನಿ ಹಾಕಿ, ಸೂಜಿಯಿಲ್ಲದ ಪಿಚಕಾರಿಯಿಂದ ಆಮ್ಲವನ್ನು ಹನಿಹನಿಯಾಗಿ ಬಿಡುತ್ತ, ನೀಲಿ ಗುಲಾಬಿಯಾಗುವ ಹನಿಯಲ್ಲಿ ನಿಲ್ಲಿಸಬೇಕು. ಟೈಟ್ರೇಶನ್! ಹದಿನಾಲ್ಕು ವರ್ಷಗಳ ಮೇಲೆ ನನ್ನ ಬೆರಳು ತನ್ನ ವಿದ್ಯೆಯನ್ನು ಮರೆತಿರಲಿಲ್ಲ. ಸಂಖ್ಯೆಯನ್ನು ಮಗನ ನೋಟುಬುಕ್ಕಿನಲ್ಲಿ ಬರೆಯುವುದು. ಅದು ಹಲವು ವರ್ಷಗಳ ದಪ್ಪ ನೋಟುಬುಕ್ಕು. ನಾನು ನನ್ನ ಪುಟ ಬಿಟ್ಟು ಹಿಂದಿನದನ್ನು ತಿರುವಿ ನೋಡಿದವನಲ್ಲ.

ಡಿಸೆಂಬರಿನ ನಡುವೆ, ಯಂತ್ರವನ್ನು ತೊಳೆಯಲು ಎರಡು ಮೂರು ದಿನ ನಿಲ್ಲಿಸಿದ್ದರಿಂದ ಸಂಖ್ಯೆ 6.8ಕ್ಕೆ ಇಳಿಯಿತು. ಅದೇ ಹೊತ್ತಿಗೆ ಮಗ ಕೆಲಸದ ಮೇಲೆ ಮೂರು ದಿನ ಪರಊರಿಗೆ ಹೋಗಬೇಕಾಯಿತು. ಹೊರಡುವಾಗ ಹೇಳಿದ: "ಅಪ್ಪಾ, ಎರಡು ವಾರದಲ್ಲಿ ನಿಧಾನವಾಗಿ ಎಂಟಕ್ಕೆ ಏರುವ ಹಾಗೆ ಇಟ್ಟಿದ್ದೇನೆ. ನೀವು ಅಳೆದು ಬರೆಯಿರಿ, ಸಾಕು. ಏನನ್ನೂ ತಿರುಗಿಸಬೇಡಿ."

ಏನನ್ನೂ ತಿರುಗಿಸಬೇಡಿ! ಬಫರ್ ದ್ರಾವಣವನ್ನು ನಾನು ಕೈಯಾರೆ ಮಾಡುತ್ತಿದ್ದ ಕಾಲದಲ್ಲಿ ಇವನು ತೊಟ್ಟಿಲಲ್ಲಿದ್ದ. ಅಂದು ರಾತ್ರಿ ಕಾಗದ ಪೆನ್ಸಿಲು ಹಿಡಿದೆ. ಒಂದು ಡಿಗ್ರಿಗೆ ಎಂಟು ಗ್ರಾಮ್ ಕಲ್ಲು. ಕೊರತೆ ಹತ್ತು ಗ್ರಾಮಿಗಿಂತ ಹೆಚ್ಚಿಲ್ಲ. ಹತ್ತು ಗ್ರಾಮಿಗೆ ಎರಡು ವಾರವೇಕೆ? ಹಸಿದವನಿಗೆ ಎರಡು ವಾರ ಕಂತಿನಲ್ಲಿ ಅನ್ನ ಬಡಿಸುವುದುಂಟೇ? ಲೆಕ್ಕ ಸ್ಪಷ್ಟವಾಗಿತ್ತು. ಕಾವಲುಗಾರನ ಅಪ್ಪಣೆಯನ್ನು 6.3ಕ್ಕೆ ಇಳಿಸಿದೆ; ಗುಳ್ಳೆಯನ್ನೂ ಹನಿಯನ್ನೂ ಎರಡರಷ್ಟು ಮಾಡಿದೆ.

ಮರುದಿನ ಸಂಜೆಗೆ 8.2. ಅಲ್ಲಿ ನಿಲ್ಲಿಸಿದ್ದರೆ ಬಹುಶಃ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಮನುಷ್ಯನಿಗೆ ಗೆಲುವಿನ ಹಸಿವು ಕೆಟ್ಟದು. ಮಗ ಬರುವಾಗ ಒಂಬತ್ತು ಎಂದು ಬರೆದು ತೋರಿಸಿ, "ನೋಡು, ನಿನ್ನ ಎರಡು ವಾರವನ್ನು ಎರಡು ದಿನ ಮಾಡಿದೆ" ಎನ್ನಬೇಕೆಂಬ ಆಸೆ. ಬೆಳಿಗ್ಗೆ ಎದ್ದು ತಿರುಪು ಹಿಂದಕ್ಕೆ ಮಾಡಿದರಾಯಿತು ಎಂದು ಮಲಗಿಬಿಟ್ಟೆ. ಬೆಳಿಗ್ಗೆ ಮೊಮ್ಮಗಳ ಶಾಲೆಯ ಗಡಿಬಿಡಿ. ಆಮೇಲೆ ಹಿಮ ನೋಡುತ್ತ ಕಾಫಿ. ನೆಲಮಾಳಿಗೆಗೆ ಇಳಿದಾಗ ಮಧ್ಯಾಹ್ನ. ನೀಲಿ ಗುಲಾಬಿಯಾಗಲೇ ಒಲ್ಲದು. ಹನಿಯ ಮೇಲೆ ಹನಿ ಹೋಗುತ್ತಿದೆ. ಕೊನೆಗೆ ತಿರುಗಿದಾಗ ಸಂಖ್ಯೆ 11.4.

ಎಲ್ಲವನ್ನೂ ನಿಲ್ಲಿಸಿದೆ. ತೊಟ್ಟಿಯ ಮುಂದೆ ಹೋಗಿ ನಿಂತೆ. ಆಗ ಏನೂ ಕಾಣಲಿಲ್ಲ, ಬದುಕಿದೆ ಎಂದುಕೊಂಡೆ. ಹವಳ ಕೂಗುವುದಿಲ್ಲ, ನರಳುವುದಿಲ್ಲ. ಮಗ ಬಂದ ಮರುದಿನ ನೀಲಿ ಕವಲುಗಳ ತುದಿ ಉಗುರಿನಂತೆ ಬೆಳ್ಳಗಾಗಿತ್ತು. ಅದರ ಮರುದಿನ ಬುಡದಿಂದ ಚರ್ಮ ಸುಲಿಯಲು ತೊಡಗಿತು. ಎಳೆಎಳೆಯಾಗಿ ಮಾಂಸ ಕಳಚಿ ನೀರಿನಲ್ಲಿ ತೇಲಿತು. ಒಳಗಿನ ಬಿಳಿ ಕಲ್ಲು ಕಂಡಿತು. ಶಾಲೆಯಿಂದ ಬಂದ ಮೊಮ್ಮಗಳು ಚೀಲವನ್ನು ಇಳಿಸದೆ ಗಾಜಿಗೆ ಹಣೆ ಹಚ್ಚಿ ನಿಂತಳು. "ಅಜ್ಜ, ಯಾಕೆ ಹೀಗಾಯಿತು?" ಎಂದಳು. ಯಾಕೆ ಹೀಗಾಯಿತೆಂಬುದನ್ನು ಸಮೀಕರಣದ ಸಮೇತ ಹೇಳಬಲ್ಲ ಒಬ್ಬನೇ ಮನುಷ್ಯ ಆ ಮನೆಯಲ್ಲಿ ಬಾಯಿ ಕಟ್ಟಿ ನಿಂತಿದ್ದ.

ಆ ರಾತ್ರಿ ಮಗನಿಗೆ ನಾನೇ ಹೇಳಿದೆ. ಅವನು ಮೌನವಾಗಿ ಕೇಳಿದ. ನನಗೆ ಆಗ ನೆನಪಾದದ್ದು 1987ನೆಯ ಇಸವಿ. ಮೈಸೂರಿನ ನಮ್ಮ ಬಾಡಿಗೆ ಮನೆ. ಒಂಬತ್ತು ವರ್ಷದ ಇದೇ ಹುಡುಗ. ಅವನು ಕಾಡಿಬೇಡಿ ಇಟ್ಟುಕೊಂಡ ಉಪ್ಪಿನಕಾಯಿಯ ಗಾಜಿನ ಜಾಡಿ. ಅದರಲ್ಲಿ ಗಪ್ಪಿ ಮೀನು. ಒಂದು ದಿನ ನೀರು ಕೊಳೆಯಾಯಿತೆಂದು ಕಂಡು, ನಲ್ಲಿಯ ನೀರನ್ನು ಹಾಗೆಯೇ ಹಿಡಿದು ಜಾಡಿ ತುಂಬಿಸಿದ. ಸಂಜೆಗೆ ಮೀನೆಲ್ಲ ಹೊಟ್ಟೆ ಮೇಲೆ ಮಾಡಿದ್ದವು. ಅವನು ಅಳುತ್ತಿದ್ದ, ನಾನು ಅವನಿಗೆ ಕ್ಲೋರಿನ್ನಿನ ಗುಣಗಳ ಮೇಲೆ ಪಾಠ ಹೇಳಿದೆ. ಕೊನೆಯಲ್ಲಿ, "ಜವಾಬ್ದಾರಿ ಇಲ್ಲದವನು ಜೀವ ಸಾಕಬಾರದು" ಎಂದು ಜಾಡಿಯನ್ನು ಅಟ್ಟಕ್ಕೆ ಹಾಕಿಸಿದೆ. ಮತ್ತೆ ಅವನು ನಮ್ಮ ಮನೆಯಲ್ಲಿ ಇರುವವರೆಗೆ ಮೀನಿನ ಮಾತೆತ್ತಲಿಲ್ಲ. ನಾನು ಅದನ್ನು ನನ್ನ ಶಿಸ್ತಿನ ಗೆಲುವೆಂದೇ ತಿಳಿದಿದ್ದೆ.

"ನಿನ್ನ ಆ ಜಾಡಿ..." ಎಂದೆ.

"ಯಾವ ಜಾಡಿ, ಅಪ್ಪಾ?" ಎಂದ. ಸ್ವಲ್ಪ ಹೊತ್ತು ಬಿಟ್ಟು, ತೊಟ್ಟಿಯನ್ನೇ ನೋಡುತ್ತ, "ಏಳು ಮೀನಿದ್ದವು ಅದರಲ್ಲಿ" ಎಂದ.

ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನು ಎದ್ದು ನೋಟುಬುಕ್ಕು ತಂದು ಹಿಂದಿನ ಪುಟಗಳನ್ನು ತೆರೆದು ನನ್ನ ಮುಂದಿಟ್ಟ. 2016ರಲ್ಲಿ ಒಂದು ಪುಟ: ಅನಿಲದ ಕವಾಟ ಕಚ್ಚಿಕೊಂಡು ರಾತ್ರಿಯಿಡೀ ಹರಿದದ್ದು, ಸತ್ತ ಹವಳಗಳ ಹೆಸರು. 2018ರಲ್ಲಿ ಇನ್ನೊಂದು: ನನ್ನ ಹಾಗೆಯೇ ಒಂದೇ ದಿನ ಎರಡು ಡಿಗ್ರಿ ಏರಿಸಿದ್ದು. 2020ರಲ್ಲಿ ಮತ್ತೊಂದು. ಪ್ರತಿಯೊಂದರ ಕೆಳಗೂ ಏನು ತಪ್ಪಿತು, ಮುಂದೆ ಏನು ಮಾಡಬೇಕು ಎಂದು ಎರಡೇ ಸಾಲು. ಬೈಗುಳವಿಲ್ಲ, ನೆಪವಿಲ್ಲ. "ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಏರಿಸಬಾರದು, ಅಪ್ಪಾ. ಅದಕ್ಕೆ ಬೇಕಾದ್ದು ಎಷ್ಟು ಅನ್ನುವುದು ನಿಮ್ಮ ಲೆಕ್ಕದಲ್ಲಿ ಸರಿಯಾಗಿಯೇ ಇದೆ. ಅದು ಎಷ್ಟು ಬೇಗ ತೆಗೆದುಕೊಳ್ಳಬಲ್ಲದು ಅನ್ನುವುದು ಲೆಕ್ಕದಲ್ಲಿ ಬರುವುದಿಲ್ಲ" ಎಂದ. ಮೂವತ್ತನಾಲ್ಕು ವರ್ಷ ಪಾಠ ಹೇಳಿದವನಿಗೆ ಅಷ್ಟು ಚಿಕ್ಕ ಪಾಠವನ್ನು ಅಷ್ಟು ಮೆಲ್ಲಗೆ ಯಾರೂ ಹೇಳಿರಲಿಲ್ಲ.

ಮರುದಿನ ಇಡೀ ಮನೆ ಶಸ್ತ್ರಚಿಕಿತ್ಸೆಗೆ ಕುಳಿತಿತು. ಇನ್ನೂ ಬಣ್ಣ ಉಳಿದಿದ್ದ ಕವಲುಗಳನ್ನು ಮಗ ಇಕ್ಕಳದಂಥ ಕತ್ತರಿಯಿಂದ ಬೆರಳುದ್ದ ಕತ್ತರಿಸಿದ, ಸೊಸೆ ಒಂದೊಂದನ್ನೂ ಬಟ್ಟಲಿನ ಉಪ್ಪುನೀರಿನಲ್ಲಿ ಹಿಡಿದಳು, ಮೊಮ್ಮಗಳು ಬಿಲ್ಲೆಯಂಥ ಪುಟ್ಟ ಕಲ್ಲಿನ ಪೀಠಗಳ ಮೇಲೆ ಅಂಟಿನ ಬೊಟ್ಟಿಟ್ಟಳು, ನಾನು ಕೂರಿಸಿದೆ. ಒಟ್ಟು ಒಂಬತ್ತು ತುಂಡು. ತಟ್ಟೆಯಗಲದ ಹವಳದಲ್ಲಿ ಉಳಿದದ್ದು ಅಷ್ಟೇ. ಸತ್ತ ಬುಡವನ್ನು ಮಗ ಎಸೆಯಲಿಲ್ಲ. ತೊಳೆದು ಒಣಗಿಸಿ, ಚೂರುಮಾಡಿ, ಬರಣಿಗೇ ಹಾಕಿದ. ಅದರ ಸುಣ್ಣ ಅದರ ಮಕ್ಕಳಿಗೇ ಸೇರಲಿ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ.

ಆಮೇಲಿನದು ಕಾಯುವ ಕಾಲ. ಆ ದಿನಗಳಲ್ಲೊಮ್ಮೆ ಮಗ ನನ್ನನ್ನು ಊರಿನ ನಡುವೆ ಇರುವ ರಾಜ್ಯದ ಶಾಸನಭವನಕ್ಕೆ ಕರೆದೊಯ್ದ. 1861ರಲ್ಲಿ ಕಟ್ಟಿ ಮುಗಿಸಿದ ಗಂಭೀರ ಕಟ್ಟಡ. ಕಂಬಗಳನ್ನು ನೋಡುತ್ತಿದ್ದ ನನಗೆ ಅವನು ಕಲ್ಲನ್ನು ನೋಡಿ ಎಂದ. ಬೂದುಬಣ್ಣದ ಆ ಕಲ್ಲಿನಲ್ಲಿ ಚಿಪ್ಪುಗಳು, ಕೊಂಬಿನಾಕಾರದ ಹವಳಗಳು ಅಚ್ಚೊತ್ತಿದಂತೆ ಕಾಣುತ್ತಿದ್ದವು. ಅದು ಕೊಲಂಬಸ್ ಸುಣ್ಣಕಲ್ಲು. ಅಲ್ಲಿನ ನೆಲದಡಿಯೇ ಹಾಸಿದೆ. ಸುಮಾರು ಮೂವತ್ತೊಂಬತ್ತು ಕೋಟಿ ವರ್ಷಗಳ ಹಿಂದೆ ಆ ಪ್ರದೇಶ ಭೂಮಧ್ಯರೇಖೆಯ ದಕ್ಷಿಣಕ್ಕೆ, ಬೆಚ್ಚನೆಯ ಕಡಲಿನ ಕೆಳಗೆ ಇತ್ತಂತೆ. ಸಮುದ್ರವಿಲ್ಲದ ಊರಿನಲ್ಲಿ ಇವನು ಹವಳ ಬೆಳೆಸುತ್ತಾನಲ್ಲ ಎಂದು ನಾನು ಒಳಗೊಳಗೆ ನಕ್ಕಿದ್ದೆ. ಊರೇ ಹವಳದ ಮೇಲೆ ಕುಳಿತಿತ್ತು. ಹೊಳೆಯ ಚಿಪ್ಪು, ತಾಯಿಯ ಸುಣ್ಣದ ಡಬ್ಬಿ, ಶಾಸನಭವನದ ಗೋಡೆ, ಮೊಮ್ಮಗಳ ತಂಗಿ, ಎಲ್ಲವೂ ಒಂದೇ ವಸ್ತು. ಕರಗುತ್ತ, ಕೂಡುತ್ತ, ಒಬ್ಬರಿಂದ ಒಬ್ಬರಿಗೆ ಸಾಗುತ್ತ ಬಂದದ್ದು.

ದಾರಿಯಲ್ಲಿ ಮಗ ಇನ್ನೊಂದು ಮಾತು ಹೇಳಿದ. ನಮ್ಮ ಬರಣಿಯಲ್ಲಿ ಕಲ್ಲು ಕರಗಿಸುವ ಇದೇ ಅನಿಲ ಈಗ ನಿಜವಾದ ಕಡಲಿಗೂ ಸೇರುತ್ತಿದೆ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 280 ಪಾಲು ಇದ್ದದ್ದು 2024ರ ಹೊತ್ತಿಗೆ 420ನ್ನು ದಾಟಿದೆ. ಕಡಲಿನ ಮೇಲ್ನೀರಿನ ಪಿ.ಎಚ್. 8.2ರಿಂದ 8.1ಕ್ಕೆ ಬಂದಿದೆ. ಕೇಳಲು ಅಲ್ಪ. ಆದರೆ ಅಲ್ಪವನ್ನು ಅವಸರದಲ್ಲಿ ಮಾಡಿದರೆ ಏನಾಗುತ್ತದೆಂಬುದನ್ನು ನಾನು ಆಗಷ್ಟೇ ಕಣ್ಣಾರೆ ಕಂಡಿದ್ದೆ. ನಮ್ಮ ಬರಣಿಗಾದರೂ ಒಬ್ಬ ಕಾವಲುಗಾರನಿದ್ದ.

ಒಂಬತ್ತು ತುಂಡುಗಳಲ್ಲಿ ನಾಲ್ಕು ಜನವರಿಯೊಳಗೆ ಬೆಳ್ಳಗಾದವು. ಉಳಿದ ಐದು ನಿಂತವು. ಮಾರ್ಚಿಯಲ್ಲಿ ನಾವು ಹೊರಡುವ ವಾರ ಮೊಮ್ಮಗಳು ಭೂತಗನ್ನಡಿ ಹಿಡಿದು ನನ್ನನ್ನು ಕರೆದಳು. ಒಂದು ತುಂಡಿನ ಬುಡದಲ್ಲಿ, ಅಂಟಿನ ಮೇಲೆ, ಕೂದಲಿನಷ್ಟು ತೆಳುವಾದ ನೀಲಿ ಅಂಚು ಹರಿದಿತ್ತು. ಹವಳ ಪೀಠವನ್ನು ಹಿಡಿದುಕೊಳ್ಳತೊಡಗಿತ್ತು. ಆ ದಿನ ಸಂಖ್ಯೆ 8.1. ನೋಟುಬುಕ್ಕಿನಲ್ಲಿ ಡಿಸೆಂಬರಿನ ನನ್ನ ಪುಟದ ಕೆಳಗೆ, ಮಗನ ಪದ್ಧತಿಯಂತೆ, ನಾನೂ ಎರಡು ಸಾಲು ಬರೆದೆ. ಅವು ಏನೆಂದು ಇಲ್ಲಿ ಹೇಳುವುದಿಲ್ಲ. ಒಂದು ಸಾಲು ಹವಳದ ವಿಷಯ, ಇನ್ನೊಂದು ಗಪ್ಪಿ ಮೀನಿನ ವಿಷಯ.

ಈಗ ಮೈಸೂರಿನಲ್ಲಿ ಊಟವಾದ ಮೇಲೆ ಎಲೆಗೆ ಸುಣ್ಣ ಹಚ್ಚುವಾಗ ನನ್ನ ಬೆರಳು ಒಂದು ಕ್ಷಣ ತಡೆಯುತ್ತದೆ. ಹೆಚ್ಚಾದರೆ ಬಾಯಿ ಸುಡುತ್ತದೆ; ಕಡಿಮೆಯಾದರೆ ಎಲೆ ಕೆಂಪಾಗುವುದಿಲ್ಲ. ನಮ್ಮ ತಾಯಿ ಇದನ್ನು ಯಾವ ಸಮೀಕರಣವೂ ಇಲ್ಲದೆ ಬಲ್ಲವರಾಗಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ, ಅಲ್ಲಿ ಶನಿವಾರ ರಾತ್ರಿಯಾಗಿರುವಾಗ, ಫೋನು ಬರುತ್ತದೆ. ಕ್ಷೇಮಸಮಾಚಾರಕ್ಕೆ ಮುಂಚೆಯೇ ಮೊಮ್ಮಗಳು ಹೇಳುವುದು ಒಂದು ಸಂಖ್ಯೆ: "ಅಜ್ಜ, ಎಂಟು ಪಾಯಿಂಟ್ ಎರಡು!" ನಾನು ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಆಮೇಲೆ ಮಗ ಫೋನು ತೆಗೆದುಕೊಳ್ಳುತ್ತಾನೆ. ಮೊದಲು ನಾವಿಬ್ಬರೂ ಎರಡು ನಿಮಿಷಕ್ಕೆ ಮಾತು ಮುಗಿಸಿ ಫೋನನ್ನು ಹೆಂಗಸರ ಕೈಗೆ ಕೊಡುತ್ತಿದ್ದೆವು. ಈಗ ಹತ್ತು ನಿಮಿಷವಾಗುತ್ತದೆ. ಹೆಚ್ಚು ಅವಸರ ಮಾಡುವುದಿಲ್ಲ.